ಒಲೆಯಿಲ್ಲದ ಕೆರೆ ಮನೆ

ಮುದುಕಿ ಅವನನ್ನು ಮೊದಲು ಕಂಡ ದಿನ ಅವನು ಕೆರೆಯಂಚಿನ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು ನಗುತ್ತಿದ್ದ.

"ಅಕ್ಕಾ, ಕೈ ಕೊಡಿ! ನಮ್ಮನೆ ನಡುಮನೇಲೇ ಸಿಕ್ಕಾಕ್ಕೊಂಡಿದ್ದೀನಿ!"

ಜೀವಮಾನವಿಡೀ ಆ ಕೆರೆಯ ಪಕ್ಕದಲ್ಲೇ ಬಸ್ಸು ಓಡಿಸಿದವನು, ಒಂದು ದಿನವೂ ನಿಲ್ಲಿಸಿ ಕಣ್ತುಂಬ ನೋಡಿರಲಿಲ್ಲ. ಈಗ ನಿವೃತ್ತನಾದ ಮೇಲೆ ಅಲ್ಲೇ ಮನೆ ಕಟ್ಟುವ ಹುಚ್ಚು. ಜೌಗಿನ ಹತ್ತಿರ ಕಟ್ಟಬಾರದೆಂಬ ನಿಯಮದಿಂದ ವಿನಾಯಿತಿ ಕೇಳಿ, ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ನೆರೆಯವಳೆಂದು ಮುದುಕಿಯೂ ಅಕ್ಷರಕ್ಕೊಂದು ಉಸಿರು ಎಳೆದು ಒಪ್ಪಿಗೆಯ ಸಹಿ ಹಾಕಿದಳು.

ಒಂದು ಬೆಳಿಗ್ಗೆ ಅವನು ಕುಣಿಯುತ್ತಲೇ ಅವಳ ಅಡುಗೆಮನೆಗೆ ನುಗ್ಗಿದ.

"ಕೊಟ್ರು ಅಕ್ಕಾ, ಕೊಟ್ರು! ಕಂಬದ ಮೇಲೆ ಒಂದೇ ಕೋಣೆ. ಮುಸುರೆ ನೀರು ಜೌಗಿಗೆ ಹೋಗಬಾರದಂತೆ, ಅದಕ್ಕೆ ಅಡುಗೆಮನೆ ಮಾತ್ರ ಬೇಡ ಅಂದ್ರು!"

"ಕೆರೆ ನೋಡಿದ್ರೆ ಹೊಟ್ಟೆ ತುಂಬುತ್ತೇನೋ, ಡ್ರೈವರಪ್ಪ?"

ಅವನು ತಲೆ ಕೆರೆದುಕೊಂಡ. ಅವಳ ಒಲೆಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ.

"ಅಕ್ಕಾ, ನಮ್ಮ ಅಡುಗೆಮನೇನ ನಿಮ್ಮನೇಲೇ ಇಟ್ಕೊಳ್ಲಾ?"