ಕೊಟ್ರಯ್ಯನವರ ಗುರುತು

ಹೊಸಪೇಟೆ ಕೋರ್ಟಿನ ಎದುರು ಕೂರುವ ನೋಟರಿ ಕೊಟ್ರಯ್ಯನವರ ಮೇಜಿಗಿಂತ ಅವರ ಬೋರ್ಡೇ ದೊಡ್ಡದು. ಅದರಲ್ಲಿ ಇಪ್ಪತ್ತು ವರ್ಷದ ಹಿಂದಿನ ಅವರ ಫೋಟೋ ಬೇರೆ. ಕೆಂಪು ಚೀಟಿ ಅಂಟಿಸಿ ಅವರು ಮುದ್ರೆ ಒತ್ತಿದರೆ ಕಾಗದದಲ್ಲಿ ಬರೆದದ್ದೆಲ್ಲ ಸತ್ಯವಾಗುತ್ತದೆಂದು ಸಂಡೂರಿನಿಂದ ಕಂಪ್ಲಿಯವರೆಗೆ ಜನ ನಂಬಿದ್ದರು. ಕೊಟ್ರಯ್ಯನವರು ಆ ನಂಬಿಕೆಯನ್ನು ಎಂದೂ ನೋಯಿಸಿದವರಲ್ಲ.

ಅಂದು ಬೆಳಿಗ್ಗೆ ಪಕ್ಕದಲ್ಲೇ ಮಂಡಕ್ಕಿ, ಮಿರ್ಚಿ ಮಾರುವ ಭೀಮಮ್ಮ, ಗಂಡ ಮೂಕಪ್ಪ ಸಹಿ ಮಾಡಿದ್ದ ಅಫಿಡವಿಟ್ ತಂದಳು.

“ಅವ ಸಂಡೂರಾಗ ಲಾರಿ ಮ್ಯಾಲ ಅದಾನ್ರಿ. ಕರಸ್ಬೇಕೇನ್ರಿ?”

“ಸಹಿ ಬಂದೈತಲ್ಲ, ಅವ ಯಾಕ?” ಎಂದು ಠಪ್ಪೆಂದು ಒತ್ತಿಕೊಟ್ಟರು.

ಮಧ್ಯಾಹ್ನ ಕಾಗದದ ಸಂಕಟ ಅವರಿಗೇ ಬಂತು. ನೋಟರಿ ಪ್ರಮಾಣಪತ್ರದ ಐದು ವರ್ಷ ಮುಗಿಯುತ್ತಿತ್ತು. ನವೀಕರಣದ ಅರ್ಜಿಗೆ ಅಂದೇ ಕೊನೆಯ ದಿನ, ಜೊತೆಗೊಂದು ಅಫಿಡವಿಟ್ ಬೇಕು. ಅರ್ಜಿ ತಪ್ಪಿದರೆ ಮುದ್ರೆಯೂ ಇಲ್ಲ, ಬೋರ್ಡೂ ಇಲ್ಲ. ತಮ್ಮ ಸಹಿಗೆ ತಾವೇ ಒತ್ತಿಕೊಳ್ಳುವಂತಿಲ್ಲ. ಹಾಗಾಗಿ ಸಹಿ ಮಾಡಿ, ಭೀಮಮ್ಮನ ಕೈಯಲ್ಲಿ ಎದುರು ಸಾಲಿನ ಹೊಸ ನೋಟರಿ ಹೇಮಾವತಿಗೆ ಕಳಿಸಿದರು. ಕಾಗದ ಹೋದ ಹಾಗೇ ಬಂತು.

“ಆಸಾಮಿ ಖುದ್ದು ಬಂದು ಮುಂದ ಕುಂತು ಸಹಿ ಮಾಡ್ಬೇಕಂತ್ರಿ.”

“ಆಸಾಮಿ? ನಾನು?”

ಕರಿ ಕೋಟಿನ ಗುಂಡಿ ಹಾಕಿಕೊಂಡು ಆಸಾಮಿ ಹೊರಟರು. ಭೀಮಮ್ಮ ತಮಾಷೆ ನೋಡಲು ಹಿಂದೆಯೇ ಬಂದಳು.

“ನಾ ಯಾರಂತ ಗೊತ್ತಿಲ್ಲೇನಮ್ಮ?”

“ನಾ ಇಲ್ಲಿ ಕುಂತು ಎರಡು ವಾರ ಆತ್ರಿ ಸರ್. ಆಧಾರ್ ಕೊಡ್ರಿ,” ಎಂದಳು ಹೇಮಾವತಿ.

ಆಧಾರ್ ಪಾಪಿನಾಯಕನಹಳ್ಳಿಯ ಮನೆಯ ಬೀರುವಿನಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಅರ್ಜಿ ಕೊಡಬೇಕಾದ ಕಚೇರಿ ಮುಚ್ಚುತ್ತದೆ. ಕೊಟ್ರಯ್ಯನವರು ಗಂಭೀರವಾಗಿ ತಮ್ಮ ಬೋರ್ಡಿನತ್ತ ಬೆರಳು ತೋರಿಸಿದರು.

ಹೇಮಾವತಿ ಅತ್ತ ನೋಡಿದಳು. “ಆ ಫೋಟೋದಾಗ ತಲಿ ತುಂಬ ಕೂದಲ ಅದಾವಲ್ರಿ.”

ಕೊಟ್ರಯ್ಯನವರ ಕೈ ತಾನಾಗಿ ಬೋಳು ತಲೆಗೆ ಹೋಯಿತು.

“ಒಳಗ ಬರೆದದ್ದು ಖರೆ ಅಂತ ಮುದ್ರಿ ಹೇಳಂಗಿಲ್ರಿ,” ಎಂದಳು ಹೇಮಾವತಿ. “ಇಂಥವ್ರೇ ನನ್ನ ಮುಂದ ಸಹಿ ಮಾಡಿದ್ರು ಅಂತ ಅಷ್ಟ ಹೇಳ್ತೈತಿ. ಅದೂ ಸುಳ್ಳಾದ್ರ ಉಳಿಯೋದು ಬರೇ ಕೆಂಪು ಚೀಟಿ. ನಿಮ್ಮನ್ನ ಬಲ್ಲವ್ರು ಯಾರರ ಅದಾರೇನ್ರಿ?”

“ನಾ ಅದೀನಲ್ಲವ್ವ,” ಎಂದಳು ಭೀಮಮ್ಮ. “ಹದಿನೈದು ವರ್ಷದಿಂದ ನೋಡಾಕತ್ತೀನಿ. ದಿನಾ ಎರಡು ಮಿರ್ಚಿ ತಿಂತಾರ. ಇವ್ರೇ ಕೊಟ್ರಯ್ಯ.”

ಸೆರಗಿನ ಗಂಟಿನಿಂದ ತನ್ನ ಆಧಾರ್ ತೆಗೆದುಕೊಟ್ಟಳು. ‘ಗುರುತಿಸಿದವರು: ಭೀಮಮ್ಮ, ಮಂಡಕ್ಕಿ ವ್ಯಾಪಾರ’ ಎಂದು ರಿಜಿಸ್ಟರಿನಲ್ಲಿ ಬರೆದ ಮೇಲೆ, ಕೊಟ್ರಯ್ಯನವರು ಅದರ ಮುಂದೆಯೂ, ಅಫಿಡವಿಟ್ಟಿನ ಮೇಲೆ ಇನ್ನೊಮ್ಮೆಯೂ ಸಹಿ ಮಾಡಿದರು. ಮುದ್ರೆ ಬಿತ್ತು.

ಹೊರಗೆ ಬಂದ ಭೀಮಮ್ಮ ಬೆಳಗಿನ ಕಾಗದ ತೆಗೆದಳು. “ಹಂಗಾರ ಸಾಹೇಬ್ರ, ಇದು?”

ಕೊಟ್ರಯ್ಯನವರು ಅದನ್ನು ಇಸಿದುಕೊಂಡು ಹರಿದರು.

“ಕರ್ಕೊಂಡು ಬಾ ನಿನ್ನ ಗಂಡನ್ನ,” ಎಂದು ಗದರಿದರು. “ಆಸಾಮಿ ಮುಖ ನೋಡದ ನಾ ಯಾವತ್ತರ ಒತ್ತೀನೇನು?”