ಹಾಲಣ್ಣ ಬಸ್ಸಿಳಿದ ದಿನ

ಆ ಡಿಪೋದಲ್ಲಿ ಎಲ್ಲರಿಗೂ ಅವರು ಹಾಲಣ್ಣ. ಹಾಲು ಮಾರುತ್ತಿದ್ದರು ಅಂತಲ್ಲ. ಅವರು ಬಸ್ಸು ಓಡಿಸಿದರೆ ತುಂಬಿದ ಹಾಲಿನ ಪಾತ್ರೆ ಇಟ್ಟರೂ ಒಂದು ತೊಟ್ಟು ತುಳುಕುವುದಿಲ್ಲ ಅಂತ ಯಾರೋ ಕಂಡಕ್ಟರ್ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಬಸುರಿ ಹೆಂಗಸರು, ಮಂಡಿನೋವಿನ ಮುದುಕರು ಎದುರಿಗಿದ್ದ ಖಾಲಿ ಬಸ್ಸು ಬಿಟ್ಟು ಅವರ ಬಸ್ಸಿಗೆ ಕಾಯುತ್ತಿದ್ದರು. ಹಾಲಣ್ಣನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು, ಅಷ್ಟೆ.

ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟು ಶರ್ಟು ಹಾಕಿಕೊಳ್ಳುತ್ತಿದ್ದಾಗ ಎಡಗೈ ಇದ್ದಕ್ಕಿದ್ದ ಹಾಗೆ ಜೋತುಬಿತ್ತು. ಬಾಯಿ ಒಂದು ಕಡೆಗೆ ವಾಲಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ಸರಿಹೋಗಿತ್ತು. ಎಡಗೈ, ಎಡಗಾಲು ಮಾತ್ರ ಬೇರೆ ಯಾರದೋ ಎನ್ನುವ ಹಾಗಿದ್ದವು. ‘ನಡೆದಾಡ್ತೀರಿ, ಯೋಚನೆ ಬೇಡ. ಆದರೆ ಬಸ್ಸಿನ ಆಸೆ ಬಿಟ್ಟುಬಿಡಿ’ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

‘ಅವರು ಡಾಕ್ಟರು. ಡ್ರೈವರಲ್ಲ’ ಎಂದರು ಹಾಲಣ್ಣ ಹೆಂಡತಿಗೆ.

ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಬೆಳಗಾಗುತ್ತಿದ್ದಂತೆ ಗಂಡನ ಕಾಲಿಗೆ ಎಣ್ಣೆ ತಿಕ್ಕುವಳು. ಆಮೇಲೆ ಅವರು ಹೊಲಿಗೆ ಮೆಷಿನ್ ಎದುರು ಕುರ್ಚಿ ಎಳೆದುಕೊಂಡು, ಎಡಗಾಲನ್ನು ಕೈಯಿಂದಲೇ ಎತ್ತಿ ಪೆಡಲಿನ ಮೇಲೆ ಇಡುವರು. ಅವರು ತುಳಿಯಬೇಕು, ಅವಳು ಪಕ್ಕದ ಸ್ಟೂಲಿನಲ್ಲಿ ಕೂತು ಬಟ್ಟೆ ಸರಿಸಬೇಕು. ಮೊದಮೊದಲು ಮೆಷಿನ್ ಎರಡು ಹೊಲಿಗೆ ಹಾಕಿ ನಿಲ್ಲುತ್ತಿತ್ತು.

‘ದಾರ ಮತ್ತೆ ತುಂಡಾಯ್ತು, ರೀ.’

‘ಪೋಣಿಸು. ಇನ್ನೊಂದ್ಸಲ.’

ಆ ‘ಇನ್ನೊಂದ್ಸಲ’ ಒಂದು ವರ್ಷ ದಾಟಿತು. ಗೋಡೆ ಹಿಡಿದು ನಡೆದರು, ಗೋಡೆ ಬಿಟ್ಟು ನಡೆದರು, ಕೋಲು ಮೂಲೆಗೆ ಸೇರಿತು. ಪೆಡಲು ಎಷ್ಟು ಹೊತ್ತು ತುಳಿದರೂ ಕಾಲು ಸೋಲದ ಹಾಗಾಯಿತು. ನೆಂಟರೆಲ್ಲ ಛಲ ಅಂದರೆ ಹೀಗಿರಬೇಕು ಎಂದು ಹೊಗಳಿ, ಕಾಫಿ ಕುಡಿದು ಹೋದರು. ಹಗಲಿನ ಹೊಲಿಗೆ ಸಂಜೆಗೆ ಬಿದ್ದು, ಹೆಂಡತಿ ಕತ್ತರಿ ಹಿಡಿದೇ ತೂಕಡಿಸುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಕೊನೆಗೆ ಡಿಪೋದಿಂದ ಕರೆ ಬಂತು. ಪರೀಕ್ಷೆ ಮಾಡುವವನು ಟ್ರೈನಿಂಗ್ ಮೇಷ್ಟ್ರು, ಹಾಲಣ್ಣನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯ. ಅಂಗಳದಲ್ಲಿ ಸಾಲಾಗಿಟ್ಟ ಡ್ರಮ್ಮುಗಳ ನಡುವೆ ಹಾಲಣ್ಣ ಬಸ್ಸನ್ನು ಹಿಂದಕ್ಕೆ ತಂದರು, ತಿರುಗಿಸಿದರು, ಒಂದಕ್ಕೂ ತಾಗಲಿಲ್ಲ. ಮೆಕ್ಯಾನಿಕ್ಕುಗಳು ಸಿಳ್ಳೆ ಹೊಡೆದರು. ಆಮೇಲೆ ಖಾಲಿ ಬಸ್ಸು ರಸ್ತೆಗಿಳಿಯಿತು.

ಶಾಲೆಯ ಮುಂದಿನ ಇಳಿಜಾರಿನಲ್ಲಿ ಹಾಲಣ್ಣ ಕ್ಲಚ್ ಒತ್ತಿ ಗೇರು ಇಳಿಸಿದರು. ಗೇರು ಕರಕರ ಎಂದಿತು, ಬಸ್ಸು ಗಕ್ಕನೆ ಮುಗ್ಗರಿಸಿತು. ಅವರು ಕೆಳಗೆ ನೋಡಿದರು. ಎಡಗಾಲು ಪೆಡಲಿನ ಮೇಲೆ ಇರಲೇ ಇಲ್ಲ. ಜಾರಿ ಪಕ್ಕಕ್ಕೆ ಬಿದ್ದಿತ್ತು.

‘ಹಳೇ ಗೇರ್‌ಬಾಕ್ಸು, ಬಿಡು’ ಎಂದ ಮೇಷ್ಟ್ರು. ಡಿಪೋಗೆ ಮರಳಿದ ಕೂಡಲೇ ಎಲ್ಲರಿಗೂ ಕೇಳುವ ಹಾಗೆ ‘ಪಾಸು!’ ಎಂದು ಕೂಗಿಯೂ ಬಿಟ್ಟ.

ಹಾಲಣ್ಣ ಎಂಜಿನ್ ಆರಿಸಿ, ಕೀ ತೆಗೆದು ಅವನ ಅಂಗೈಯಲ್ಲಿಟ್ಟರು.

‘ಬೇಡ ಕಣೋ. ಕಾಲು ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ. ನೋಡಿದ ಮೇಲೆ ಗೊತ್ತಾಯ್ತು.’

‘ರೂಢಿ ತಪ್ಪಿದೆ, ಅಷ್ಟೇ. ಇನ್ನೊಂದಿಷ್ಟು ದಿನ ಅಭ್ಯಾಸ ಮಾಡು.’

‘ಬಲ ಇಲ್ಲದಿದ್ರೆ ಮಾಡ್ತಿದ್ದೆ. ಬಲ ಬಂದಿದೆ. ಕಾಲು ಎಲ್ಲಿದೆ ಅನ್ನೋದೇ ತಿಳಿಯಲ್ಲ. ಮನೇಲೂ ಹೀಗಾಗಿತ್ತು. ಯಾರಿಗೂ ಹೇಳಿರಲಿಲ್ಲ.’

ಮೇಷ್ಟ್ರು ಕೀಯನ್ನು ಜೇಬಿಗೆ ಹಾಕಿಕೊಂಡ.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

‘ಪಾಸು ಅಂದ್ರಂತೆ! ನೀವೇ ಬೇಡ ಅಂದ್ರಂತೆ!’ ಹೆಂಡತಿ ಬಾಗಿಲಿಗೇ ಬಂದಳು. ‘ತಿಕ್ಕಿ ತಿಕ್ಕಿ ನನ್ನ ಬೆನ್ನು ಬಿದ್ದುಹೋಯ್ತಲ್ಲ ರೀ, ಇದಕ್ಕಾ?’

ಹಾಲಣ್ಣ ಬಾಗಿಲಲ್ಲೇ ಕೂತರು. ‘ನಿನ್ನನ್ನ ಆ ಬಸ್ಸಲ್ಲಿ ಕೂರಿಸ್ಕೊಂಡು ಹೋಗಲಾ ಅಂತ ನನ್ನನ್ನೇ ಕೇಳ್ಕೊಂಡೆ. ಧೈರ್ಯ ಬರಲಿಲ್ಲ.’

ಅವಳು ಪಕ್ಕದಲ್ಲಿ ಕುಸಿದು ಕೂತು, ‘ನನಗೂ ಸಾಕಾಗಿತ್ತು’ ಎಂದಳು.

‘ಹೇಳಬಾರದಿತ್ತಾ?’

‘ಹಲ್ಲುಕಚ್ಚಿ ಕೂತೋರಿಗೆ ಏನಂತ ಹೇಳ್ಲಿ?’

ಆ ಮಧ್ಯಾಹ್ನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಇಬ್ಬರೂ ಚಾಪೆಯ ಮೇಲೆ ಬಿದ್ದುಕೊಂಡು, ಜ್ವರ ಬಿಟ್ಟವರ ಹಾಗೆ ನಿದ್ದೆ ಹೋದರು.

ಈಗ ಹಾಲಣ್ಣ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುತ್ತಾರೆ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ಆ ಕೆಲಸ ಅವರಿಗೆ ಹಿಡಿಸಿದೆ ಎಂದರೆ ಸುಳ್ಳಾದೀತು. ಸಂಜೆ ಮನೆಗೆ ಹೋಗುವಾಗ ಕಿಟಕಿ ಪಕ್ಕದ ಸೀಟು ಹಿಡಿಯುತ್ತಾರೆ. ಮೊದಮೊದಲು ಡ್ರೈವರ್ ತಪ್ಪು ಮಾಡಿದಾಗಲೆಲ್ಲ ನಾಲಗೆ ಲೊಚಗುಟ್ಟುತ್ತಿದ್ದರು. ಈಗೀಗ ಎರಡು ಸ್ಟಾಪು ದಾಟುವುದರೊಳಗೆ ಕಣ್ಣು ಎಳೆಯುತ್ತದೆ. ಇಳಿಯುವ ಜಾಗ ಬಂದಾಗ ಕಂಡಕ್ಟರೇ ಭುಜ ಅಲುಗಿಸಿ ಎಬ್ಬಿಸಬೇಕು.