ಒಣಗಿದ ಠಸ್ಸೆಯ ಸದ್ದು

ಎನೆಲೆಸಿ ಕಚಿಂಗ್ವೆ ಮಲಾವಿಯ ಡೆಡ್ಜಾ ಪಟ್ಟಣದ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದಗಳಿಗೆ ಠಸ್ಸೆ ಒತ್ತಿದವಳು. ನಿವೃತ್ತಳಾದ ವರ್ಷವೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಬೆಳಿಗ್ಗೆ ಎದ್ದರೆ ಮಾತನಾಡಿಸಲು ಒಂದು ಕೋಳಿ, ಒಂದು ರೇಡಿಯೋ. ಹೀಗಿದ್ದವಳ ಹೆಸರನ್ನು ಚರ್ಚಿನ ಮಹಿಳಾ ಸಂಘದವರು ನೆರೆದೇಶಗಳ ಒಕ್ಕೂಟಕ್ಕೆ ಬರೆದು ಕಳುಹಿಸಿದರು. ಸುತ್ತಲಿನ ಯಾವ ದೇಶದಲ್ಲಿ ಚುನಾವಣೆ ನಡೆದರೂ ಅಲ್ಲಿಗೆ ಆ ಒಕ್ಕೂಟದ ವೀಕ್ಷಕರು ಹೋಗುತ್ತಿದ್ದರು. ಎನೆಲೆಸಿ ಲೆಸೋಥೊ, ನಮೀಬಿಯಾ, ಮೊಜಾಂಬಿಕ್‌ಗಳಿಗೆ ಹೋಗಿ ಬಂದಳು. ಒಕ್ಕೂಟದಿಂದ ಮುಂದಿನ ಪತ್ರ ಬರುವವರೆಗೂ ದಿನಗಳನ್ನು ಹೇಗೋ ನೂಕುತ್ತಿದ್ದಳು.

ಆದರೆ ವೀಕ್ಷಕರ ಕೆಲಸವೆಂದರೆ ಜನರ ನಡುವೆ ಕುಳಿತೂ ಜನರಿಂದ ದೂರವಿರುವ ಕೆಲಸ. ಒಕ್ಕೂಟದ ಹೆಸರಿರುವ ಕೋಟು ತೊಟ್ಟು ನೋಡಬೇಕು, ಬರೆದುಕೊಳ್ಳಬೇಕು. ತಪ್ಪು ಕಣ್ಣಿಗೆ ಬಿದ್ದರೂ ತಿದ್ದಬಾರದು. ತಂಡದ ಮುಖ್ಯಸ್ಥೆ ನಾಲೆಡಿ ಎಂಬವಳು ಪ್ರತಿ ಸಲವೂ ಹೇಳುತ್ತಿದ್ದಳು: "ಮತಗಟ್ಟೇಲಿ ಬಾಯಿ ಹಾಕಿದವರ ಕೋಟು ಅವತ್ತೇ ಬಿಚ್ಚಿಸ್ತೀನಿ. ಮತ್ತೆ ಕರೆಯೋದಿಲ್ಲ."

ಈ ಸಲ ಗಡಿಯಾಚೆಯ ಜಾಂಬಿಯಾ. ಚಡಿಜಾ ಕಡೆಯ ಒಂದು ಹಳ್ಳಿಶಾಲೆ. ಬೇರೆ ದೇಶಗಳಲ್ಲಿ ಭಾಷೆ ಬಾರದ್ದರಿಂದ ಸುಮ್ಮನಿರುವುದು ಸುಲಭವಾಗಿತ್ತು. ಇಲ್ಲಿ ಜನರಾಡುವುದು ಅವಳದೇ ಚೆವಾ ಮಾತು. ಕಿವಿಗೆ ತವರು, ಬಾಯಿಗೆ ಬೀಗ.

ಆಗಸ್ಟ್ ತಿಂಗಳ ಚಳಿ. ಬೆಳಿಗ್ಗೆ ಆರಕ್ಕೇ ಸಾಲು ಶಾಲೆಯ ಬೇಲಿ ದಾಟಿತ್ತು. ಸಾಲಿನಲ್ಲಿದ್ದ ಒಬ್ಬ ಮುದುಕಿ ಎನೆಲೆಸಿಯನ್ನು ದಿಟ್ಟಿಸಿ ಕೇಳಿದಳು: "ಏ ಮಗಳೇ, ಕೋಟಿನವಳೇ, ಯಾರ ಮನೆಯವಳೇ ನೀನು?"

"ಸುಮ್ನಿರು ಗೋಗೊ, ಅವರು ಮಾತಾಡಂಗಿಲ್ಲ," ಎಂದಳು ಹಿಂದೆ ನಿಂತವಳು.

"ಯಾಕೆ, ಮೂಗೀನಾ?"

"ಇಲ್ವೇ ಅಜ್ಜಿ. ಮಾತಾಡದೇ ಇರೋಕೇ ಅವರಿಗೆ ದುಡ್ಡು ಕೊಡ್ತಾರಂತೆ."

"ಅಯ್ಯೋ! ಹಂಗಾರೆ ನಮ್ಮ ಸೊಸೇಗೂ ಒಂದು ಕೋಟು ಕೊಡಿಸ್ರೇ!"

ಸಾಲಿಗೆ ಸಾಲೇ ನಕ್ಕಿತು. ಎನೆಲೆಸಿಗೂ ನಗು ಉಕ್ಕಿತು. ತಲೆ ತಗ್ಗಿಸಿ ನಮೂನೆಯ ಮೇಲೆ ಏನೋ ಬರೆಯುವವಳಂತೆ ಮಾಡಿ ಒಳಗೆ ಹೋಗಿ ಕುಳಿತಳು.

ಒಳಗೆ ಮತಪತ್ರಗಳ ಬೆನ್ನಿಗೆ ಠಸ್ಸೆ ಒತ್ತಿ ಕೊಡುತ್ತಿದ್ದಳು ಟೊವೆರಾ ಎಂಬ ಹುಡುಗಿ. ಠಸ್ಸೆಯಿಲ್ಲದ ಮತಪತ್ರ ಎಣಿಕೆಯಲ್ಲಿ ರದ್ದಾಗುತ್ತದೆ. ಅವಳು ಬೇಗಬೇಗ ಒತ್ತಿ, ಮಡಿಸಿ, ಮುಂದೆ ಚಾಚುತ್ತಿದ್ದಳು. ಬೆಳಕು ಇನ್ನೂ ಮಬ್ಬು. ಎನೆಲೆಸಿಯ ಕೈ ಬರೆಯುವುದನ್ನು ನಿಲ್ಲಿಸಿತು. ಮಸಿಯಿರುವ ಠಸ್ಸೆ ಕಾಗದಕ್ಕೆ ಕೂತು ಏಳುವಾಗ ಸ್ವಲ್ಪ ಅಂಟಿ ಬಿಡುತ್ತದೆ. ಅದರ ಸದ್ದೇ ಬೇರೆ. ಇದು ಕದ ತಟ್ಟಿದ ಹಾಗೆ ಬರೀ ಟಕ್, ಟಕ್.

ಪಕ್ಕದಲ್ಲಿದ್ದ ಜೊತೆಗಾರ, ಬೋಟ್ಸ್ವಾನಾದ ನಿವೃತ್ತ ಹೆಡ್‌ಮಾಸ್ತರ ಕೆಬೊನ್ಯೆಯ ಕಡೆ ಬಾಗಿದಳು. "ಮಾಸ್ತರೇ, ಪ್ಯಾಡು ಒಣಗಿದೆ. ಸೀಲು ಮೂಡ್ತಿಲ್ಲ."

"ನೋಡಿದ್ರಾ?"

"ನೋಡೋದೇನು, ಕೇಳಿಸ್ತಿಲ್ವಾ?"

"ಹಾಗಾದ್ರೆ ಬರೀರಿ ತಾಯಿ. ಸಂಜೆ ವರದಿಗೆ ಸೇರಿಸೋಣ."

"ಸಂಜೆ ಹೊತ್ತಿಗೆ ಇವರ ವೋಟೆಲ್ಲ ಹಾಳಾಗಿರತ್ತಲ್ಲ!"

"ಹಾಳಾಯ್ತು ಅಂತ ಬರೆಯೋಕೇ ನಾವಿರೋದು. ಕೂತ್ಕೊಳ್ಳಿ."

ಅವಳು ಕುಳಿತಳು. ಈಗ ಎದ್ದರೆ ಇನ್ನು ಪತ್ರ ಬರುವುದಿಲ್ಲ. ಕೋಳಿ, ರೇಡಿಯೋ, ಅಷ್ಟೇ. ಒಬ್ಬ ಮತ ಹಾಕಿ ಹೋದ. ಮತ್ತೊಬ್ಬಳು ಬೆನ್ನಿಗೆ ಮಗು ಕಟ್ಟಿಕೊಂಡು ಬಂದು ಹಾಕಿದಳು. ಪೆಟ್ಟಿಗೆಯಲ್ಲಿ ಇಪ್ಪತ್ತು ಮತ, ಇಪ್ಪತ್ತೊಂದು. ಇಪ್ಪತ್ತಮೂರನೆಯವನು ಪೆಟ್ಟಿಗೆಗೆ ಹಾಕಿ ಅದರ ಮುಚ್ಚಳವನ್ನೊಮ್ಮೆ ಸವರಿ ಹೋದ. ಆಮೇಲೆ ಆ ಮುದುಕಿ, ಕೋಲೂರಿಕೊಂಡು, ಮೇಜಿನ ಹತ್ತಿರ ಬಂದಳು.

ಎನೆಲೆಸಿ ಎದ್ದುಬಿಟ್ಟಳು.

"ತಡಿಯಮ್ಮಾ ಹುಡುಗಿ. ಆ ಕಾಗದ ಮಗುಚಿ ನೋಡು."

ಚೆವಾ ಮಾತು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಮತಗಟ್ಟೆಯ ಅಧಿಕಾರಿ ತೆಂಬೊ, ಅದೇ ಶಾಲೆಯ ಎಳೆಯ ಮೇಷ್ಟ್ರು, ಓಡಿಬಂದು ಮತಪತ್ರ ಮಗುಚಿದ. ಬೆನ್ನು ಬೆಳ್ಳಗಿತ್ತು. ಅವನ ಮುಖವೂ ಹಾಗೇ ಆಯಿತು. ಸಾಮಾನಿನ ಪೆಟ್ಟಿಗೆ ತಡಕಿ ಹೊಸ ಪ್ಯಾಡು ತೆಗೆದ.

"ಇವಳು ಅವರ ಕಡೆಯವಳು!" ಎಂದು ಒಂದು ಪಕ್ಷದ ಏಜೆಂಟ ಕೂಗಿದ.

"ನಮ್ಮ ಕಡೆ? ನಿಮ್ಮ ಕಡೆಯವಳಯ್ಯಾ! ಪೆಟ್ಟಿಗೇಲಿರೋದೆಲ್ಲ ನಮ್ಮ ವೋಟು, ಅವು ಕೆಡೋವರೆಗೂ ಕಾದು ಎದ್ದಿದಾಳೆ!" ಎಂದು ಇನ್ನೊಬ್ಬ.

ಮುದುಕಿ ಇಬ್ಬರನ್ನೂ ಗದರಿದಳು. "ಬಾಯ್ಮುಚ್ರೋ! ಮೊದಲು ನನ್ನ ಕಾಗದಕ್ಕೆ ಸೀಲು ಬೀಳಲಿ."

ಆ ಏಜೆಂಟರು ಅಂದು ಒಂದಾಗಿ ಸಹಿ ಹಾಕಿದ್ದು ಎನೆಲೆಸಿಯ ಮೇಲಿನ ದೂರಿಗೆ ಮಾತ್ರ. ಮಧ್ಯಾಹ್ನ ಕಾರು ಬಂತು. ಕಾರಿನಲ್ಲಿ ನಾಲೆಡಿ ದೂರಿನ ಹಾಳೆ ಮಡಿಸಿಟ್ಟು, ಅವಳನ್ನು ಚೆವಾದಲ್ಲಿ ಅಮ್ಮ ಎಂದೇ ಕರೆದಳು.

"ಅಮಾಯಿ, ನಿಮ್ಮ ಜಾಗದಲ್ಲಿದ್ರೆ ನಾನೂ ಎದ್ದುಬಿಡ್ತಿದ್ದೆನೋ ಏನೋ. ಆದ್ರೆ ನಾಳೆ ಇನ್ನೊಬ್ಬ ವೀಕ್ಷಕ ಎದ್ದು ತಪ್ಪು ಮಾತು ಹೇಳಿ, ಒಂದು ಊರಿಗೆ ಊರೇ ಹೊಡೆದಾಡಿದ್ರೆ? ನಾನು ಯಾರಿಗೆ ಅಂತ ವಿನಾಯಿತಿ ಕೊಡ್ಲಿ?"

ಎನೆಲೆಸಿಗೆ ಆ ಮಾತಿನಲ್ಲಿ ನ್ಯಾಯ ಕಂಡಿತು. ಕೋಟು ಬಿಚ್ಚಿ, ಜೇಬಿನಲ್ಲಿದ್ದ ಕನ್ನಡಕ ತೆಗೆದುಕೊಂಡು, ಮಡಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ಚಿಪಾಟಾ ಪಟ್ಟಣದಲ್ಲಿ ಗಡಿಯ ಕಡೆಗೆ ಹೊರಟ ಬಸ್ಸು ಹತ್ತಿದಳು. ಬಸ್ಸಿನ ರೇಡಿಯೋದಲ್ಲಿ ಎಣಿಕೆಯ ಸುದ್ದಿ ಬರುತ್ತಿತ್ತು. ಪಕ್ಕದಲ್ಲಿ ಟೊಮೇಟೊ ಬುಟ್ಟಿ ಹಿಡಿದ ಹೆಂಗಸು ಕೂತು ಮಾತಿಗೆಳೆದಳು.

"ನೆಂಟರ ಮನೆಗೆ ಬಂದಿದ್ರಾ ಅಮಾಯಿ?"

"ಇಲ್ಲಮ್ಮ, ಕೆಲಸಕ್ಕೆ."

"ಕೆಲಸ ಆಯ್ತಾ?"

ಎನೆಲೆಸಿ ಸ್ವಲ್ಪ ಯೋಚಿಸಿದಳು. ಈಗ ಮಾತನಾಡಬೇಡವೆನ್ನುವವರು ಯಾರೂ ಇರಲಿಲ್ಲ.

"ಆಯ್ತಮ್ಮ. ಇಪ್ಪತ್ಮೂರು ಜನಕ್ಕೆ ಮಾತ್ರ ತಡವಾಯ್ತು."

ಹೆಂಗಸಿಗೆ ಏನೂ ತಿಳಿಯಲಿಲ್ಲ. ಆದರೂ ಮರ್ಯಾದೆಗೆ ತಲೆದೂಗಿ, ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಎನೆಲೆಸಿ ಕಿಟಕಿಯ ಕಡೆ ತಿರುಗಿದಳು.